ಎಪ್ಪತ್ತೆರಡು ಪ್ರಶ್ನೆ, ಪೆನ್ಸಿಲ್ಲಿನಲ್ಲಿ

ಶಿಡ್ಲಘಟ್ಟದ ಹೈಸ್ಕೂಲು, ಶನಿವಾರ,
ಮಧ್ಯಾಹ್ನದ ಉಪ್ಪಿಟ್ಟು ಇನ್ನೂ ಗಂಟಲಲ್ಲಿರುವಾಗ
ತರಬೇತಿಗೆ ಬಂದ ಹುಡುಗ ಹಾಳೆ ಹಂಚಿದ.
ನೀವು ಯಾವ ನಮೂನೆಯ ಮನುಷ್ಯರು, ನೋಡೋಣ.
ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ ಮೇಡಂ, ಅಂದ.
ಇಪ್ಪತ್ತೊಂದು ವರ್ಷ ಗಣಿತ ಕಲಿಸಿದವಳಿಗೆ
ಹಾಗಂತ ಯಾರೂ ಹೇಳಿರಲಿಲ್ಲ.

ಅಪರಿಚಿತರ ಜೊತೆ ಸಲೀಸಾಗಿ ಮಾತಾಡುತ್ತೀರಾ?
ಯಾವ ಭಾಷೆಯಲ್ಲಿ, ಅಂತ ಕೇಳಬೇಕೆನಿಸಿತು.
ಗೂಡಿನ ಮಾರ್ಕೆಟ್ಟಿನಲ್ಲಿ, ತೆಲುಗಿನಲ್ಲಿ,
ತೂಕದವನ ಮೇಲೆ ನಾನು ಜಗಳಕ್ಕೆ ನಿಂತರೆ
ಅವನು ತಕ್ಕಡಿ ಬಿಟ್ಟು ಟೀ ಕುಡಿಯಲು ಹೋಗುತ್ತಾನೆ.
ಸ್ಟಾಫ್ ರೂಮಿನ ಕನ್ನಡದಲ್ಲಿ
ಕಿಟಕಿ ಪಕ್ಕದ ಕುರ್ಚಿ, ಮೂಕಿ.
ಹೌದು, ಇಲ್ಲ, ಎರಡರ ನಡುವಿನ ಗೀಟಿನ ಮೇಲೆ
ಒಂದು ಚುಕ್ಕೆ ಇಟ್ಟೆ.
ಆ ಚುಕ್ಕೆಗೆ ಅಂಕವಿಲ್ಲವಂತೆ.

ಜಬೀನ್ ತಾಜ್ ತನ್ನದನ್ನು ಪಟಪಟ ಮುಗಿಸಿ
ನನ್ನ ಹಾಳೆಗೆ ಇಣುಕಿದಳು:
ಇದು ನೀನಲ್ಲ ಕಣೇ, ಅಳಿಸು.
ನನ್ನ ಹದಿನಾಲ್ಕು ಪ್ರಶ್ನೆಗಳಿಗೆ
ಅವಳೇ ಉತ್ತರ ಬರೆದಳು.

ಕೂಡಿ ಬಂದದ್ದು ಐದು.
ದೂರ ನಿಂತು ನೋಡುವವರು.
ಕೂಡಿಡುವವರು. ಹಣವನ್ನಲ್ಲ;
ಹೊತ್ತನ್ನು, ಮಾತನ್ನು, ತಮ್ಮನ್ನೇ.

ನಮ್ಮ ದೊಡ್ಡಮ್ಮ ಪಿಳ್ಳಮ್ಮ ಜಗಲಿಯಲ್ಲಿ ಕೂತು
ಒಂದೊಂದೇ ಗೂಡು ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದಳು.
ಇದು ಗಟ್ಟಿ. ಇದು ಜೊಳ್ಳು. ಇದಕ್ಕೆ ಕಲೆ.
ಇದರೊಳಗೆ ಎರಡು ಹುಳು, ಎಳೆ ಸಿಕ್ಕಾಗುತ್ತೆ, ಆಚೆ ಹಾಕು.
ಮನೆಯ ಮಕ್ಕಳನ್ನೂ ಆರಿಸಿಟ್ಟಿದ್ದಳು:
ತಮ್ಮ ಗಟ್ಟಿ. ಅಕ್ಕ ಬಾಯಿಬಡುಕಿ. ನಾನು ಜಂಬದೋಳು.
ಒಂಬತ್ತನೇ ವಯಸ್ಸಿಗೆ ಬಿದ್ದ ಆ ಬುಟ್ಟಿಯಲ್ಲೇ
ನಲವತ್ತಾರರ ತನಕ ಕೂತಿದ್ದೆ,
ಕೆಲವೊಮ್ಮೆ ನಿಜವಾಗಿಯೂ ಜಂಬಪಟ್ಟು.

ಈವತ್ತು ಬುಟ್ಟಿ ಬದಲಾಯಿತು, ಅಷ್ಟೇ?
ಅಷ್ಟೇ ಇರಬಹುದು.
ಆದರೆ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು:
ಇವರು ಸುಮ್ಮನಿರುವುದು ತಿರಸ್ಕಾರದಿಂದಲ್ಲ,
ಖಾಲಿಯಾಗಿಬಿಡುತ್ತೇನೆಂಬ ದಿಗಿಲಿನಿಂದ.
ಎದ್ದು ಹೋಗಿ ನಲ್ಲಿ ತಿರುಗಿಸಿದೆ.
ನೀರಿರಲಿಲ್ಲ.
ಸ್ವಲ್ಪ ಹೊತ್ತು ತಿರುಗಿಸುತ್ತಲೇ ಇದ್ದೆ.

ಇದೇ ಸಾಲು ಒಂಬತ್ತರಲ್ಲಿ ಒಬ್ಬರಿಗೆ ಅಚ್ಚಾಗಿದೆ,
ಅಷ್ಟು ಲೆಕ್ಕ ನನಗೂ ಬರುತ್ತದೆ.
ಸಂತೆಯ ರೆಡಿಮೇಡ್ ರವಿಕೆ.
ತೋಳು ಬಿಗಿ, ಆದರೂ
ಹೆಗಲ ಮೇಲೆ ಹೇಗೋ ಸರಿಯಾಗಿ ಕೂತುಬಿಟ್ಟಿತು.

ರಾತ್ರಿ ದೊಡ್ಡಮ್ಮನ ಇನ್ನೊಂದು ಮಾತು ನೆನಪಾಯಿತು.
ಸೊಪ್ಪು ಮುಟ್ಟದೆ, ತಲೆ ಎತ್ತಿ,
ತಟ್ಟೆಯಲ್ಲಿ ಕಲ್ಲಿನ ಹಾಗೆ ನಿಂತ ಹುಳುವನ್ನು
ಸತ್ತಿದೆ ಅಂತ ನಾನು ಕೀಳಹೋದಾಗ ಕೈಗೆ ಹೊಡೆದಿದ್ದಳು:
ಜ್ವರಕ್ಕೆ ಕೂತಿದೆ, ಮುಟ್ಟಬೇಡ,
ಚರ್ಮ ಬಿಟ್ಟ ಮೇಲೆ ತಾನೇ ತಿನ್ನುತ್ತೆ.
ಹುಳುವಿಗೆ ನಾಲ್ಕು ಸಲ ಜ್ವರ ಎಂದು ಬಲ್ಲವಳು
ಹುಡುಗಿಗೆ ಒಂದನ್ನೂ ಕೊಡಲಿಲ್ಲ.

ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಮಲಗಿದ್ದೆ.
ಸೋಮವಾರ ಅಂಕದ ರಿಜಿಸ್ಟರು ತೆರೆದರೆ
ಷರಾ ಕಾಲಮ್ಮಿನ ತುಂಬ ನನ್ನದೇ ಕೈಬರಹ:
ಚುರುಕು. ಮಂದ. ತುಂಟ. ಮಂದ. ಪರವಾಗಿಲ್ಲ.
ಹತ್ತನೇ ಬಿ, ಜಾಹ್ನವಿ, ಕೊನೆ ಬೆಂಚು: ಉಡಾಫೆ.
ಶಾಯಿಯಲ್ಲಿ.

ಬ್ಲೇಡಿನಲ್ಲಿ ಕೆರೆದೆ. ಹಾಳೆ ತೂತಾಯಿತು.
ತೂತಿನಿಂದ ಮುಂದಿನ ಪುಟದ ಯಾರದೋ
ಮೂವತ್ತೈದು ಕಾಣುತ್ತಿತ್ತು.

ಬೆಲ್ಲಾದ ಮೇಲೆ ಅವಳ ಬೆಂಚಿನ ತುದಿಗೆ ಹೋಗಿ ಕೂತೆ.
ಏಮಮ್ಮಾ, ಅಂದೆ,
ಶಾಲೆಯೊಳಗೆ ಮೊದಲ ಸಲ ಆ ಭಾಷೆಯಲ್ಲಿ.
ಅವಳು ಬೆಚ್ಚಿ ಎದ್ದು ನಿಂತಳು,
ಏನಿಲ್ಲ ಮಿಸ್, ಅಂದಳು, ಕನ್ನಡದಲ್ಲಿ,
ಚೀಲ ಎತ್ತಿಕೊಂಡು ಹೊರಟಳು.

ಸರಿ. ನಾಳೆಯೂ ಬೆಂಚಿರುತ್ತದೆ.
ಷರಾ ಕಾಲಮ್ಮಿಗೆ ಈಗ ಪೆನ್ಸಿಲ್ಲು,
ಅದೂ ಹೆಚ್ಚೇನಿಲ್ಲ,
ಹೌದು, ಇಲ್ಲಗಳ ನಡುವೆ
ಒಂದು ಚುಕ್ಕೆ.