ಸ್ವಲ್ಪ ನೋಡ್ಕೊಳ್ರಿ

ಹದಿನೇಳು ವರ್ಷ ಕೋರ್ಟಿನಲ್ಲಿ ಟೈಪು ಮಾಡಿದ ಬೆರಳು
ಅವತ್ತು ಎರಡು ಪದಕ್ಕೆ ತಡವರಿಸಿತು.

"ಫೋನಿನಲ್ಲಿ ಸಾಹೇಬ್ರು ಏನಂದ್ರು?"
"ಸ್ವಲ್ಪ ನೋಡ್ಕೊಳ್ರಿ, ಅಂದ್ರು."
ಅಷ್ಟೇ.
ಕಟಕಟೆಯಲ್ಲಿ ಆನಗೋಡಿನ ಕೊಟ್ರೇಶಿ,
ಠಾಣೆಯ ರೈಟರು,
ಅಂಗಿಯ ಗುಂಡಿ ತಿರುವುತ್ತ ನಿಂತಿದ್ದ.

ನೋಡ್ಕೊಳ್ರಿ.
ಹೆರಿಗೆಗೆ ಹೊರಟ ಅಕ್ಕ
ದೊಡ್ಡ ಮಗುವನ್ನು ಅವ್ವನ ಮಡಿಲಿಗಿಟ್ಟು ಅಂದದ್ದು ಇದೇ.
ಬಡ್ಡಿ ಸಿದ್ಲಿಂಗಪ್ಪ
ನಮ್ಮ ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ
ಬೀಡಿ ಹೊಸಕಿ, ಅಪ್ಪನಿಗೆ ಅಂದದ್ದೂ ಇದೇ.
ದನಿಗೆ ನನ್ನ ಕೀಲಿಮಣೆಯಲ್ಲಿ ಕೀಲಿ ಇಲ್ಲ.

ಜಪ್ತಿ ರಿಜಿಸ್ಟರಿನ ನಲವತ್ತೇಳನೇ ಹಾಳೆ ಇಲ್ಲ.
ಅದು ಯಾರೋ ಹೇಳಿದ್ದಲ್ಲ, ನಾನೇ ಸವರಿ ನೋಡಿದ್ದೇನೆ,
ಹೊಲಿಗೆಯ ಹತ್ತಿರ, ಹಲ್ಲು ಕಿತ್ತ ಒಸಡಿನ ಹಾಗೆ.
ಫೋನು ಬಂದದ್ದೂ ನಿಜ, ಕಂಪನಿಯ ಕಾಗದ ಇದೆ:
ನಲವತ್ತೊಂದು ಸೆಕೆಂಡು.
ಎರಡು ನಿಜಗಳ ನಡುವೆ ಒಂದು ರಾತ್ರಿ.
ಆ ರಾತ್ರಿಗೆ ಕೊಟ್ರೇಶಿ ಒಬ್ಬನೇ ಸಾಕ್ಷಿ,
ಬಡ್ತಿ ತಪ್ಪಿ ಜಗಳೂರಿಗೆ ಎತ್ತಂಗಡಿಯಾದವನು.
ದೂರು ಕೊಟ್ಟವರೋ, ಹೋದ ಚುನಾವಣೆಯಲ್ಲಿ ಸೋತವರು.

ಸೋತವರು ಹೇಳಿದ್ದೆಲ್ಲ ಸುಳ್ಳಾಗಬೇಕಿಲ್ಲ.
ಸಿಟ್ಟಿದ್ದವನಿಗೂ ಕಣ್ಣಿರುತ್ತವೆ.

ಆದರೆ "ಏಳೂ ಹತ್ತಕ್ಕೆ ಬಿಟ್ಟು, ಐದೇ ನಿಮಿಷಕ್ಕೆ
ಅಶೋಕ ರಸ್ತೆ ದಾಟಿ ಬಂದೆ" ಅಂದನಲ್ಲ,
ಆ ಹೊತ್ತಿಗೆ ರೈಲ್ವೆ ಗೇಟು ಬಿದ್ದಿರುತ್ತಿತ್ತು.
ದಿನಾ ಅಲ್ಲಿ ಸ್ಕೂಟರು ಆರಿಸಿ
ಬೋಗಿ ಎಣಿಸಿದವಳು ನಾನು.
ಯಾವ ವಕೀಲರೂ ಕೇಳಲಿಲ್ಲ.
ನಾನು ಹೇಳುವಂತಿಲ್ಲ, ನನ್ನದು ಟೈಪು.
ನಿಜ ಅಂದರೆ, ಹೇಳಬೇಕು ಅನ್ನಿಸಲೂ ಇಲ್ಲ.
ನಮ್ಮ ಓಣಿಯ ನೀರಿನ ಪೈಪು
ಸಾಹೇಬರ ಬೀಗರ ಲೇಔಟಿಗೆ ತಿರುಗಿದಾಗಿನಿಂದ
ಅವರು ಎಲ್ಲಾದರೂ ಸಿಕ್ಕಿಬೀಳಲಿ ಅಂತ ಕಾದಿದ್ದೆ.

ಅಪ್ಪ ಕಾದ ಮರಳಿಗೆ ಅಕ್ಕಿ ಸುರಿದು
ಅರಳಿದ್ದನ್ನು ಜರಡಿ ಹಿಡಿದ ಮೇಲೂ
ಒಂದು ಹಿಡಿ ಬಾಯಿಗೆ ಹಾಕಿಕೊಂಡು
ಕಣ್ಣು ಮುಚ್ಚಿ ಅಗಿಯುತ್ತಿದ್ದ.
ಗಿರಾಕಿಯ ಹಲ್ಲಿಗೆ ಸಿಗುವ ಮರಳು
ಮೊದಲು ತನ್ನ ಹಲ್ಲಿಗೆ ಸಿಗಲಿ ಅಂತ.

ಮಧ್ಯಾಹ್ನ ಕರೆಂಟು ಬಂತು, ಫ್ಯಾನು ತಿರುಗಿತು.
"ಹೇಳಿಕೆ ಓದಮ್ಮ" ಅಂದರು ನ್ಯಾಯಾಧೀಶರು.
ಓದಿದೆ. ಆ ಎರಡು ಪದ ಬಂದಾಗ
ಅಕ್ಕನ ದನಿಯೂ ಬರದ ಹಾಗೆ,
ಸಿದ್ಲಿಂಗಪ್ಪನದೂ ಬರದ ಹಾಗೆ,
ಆದಷ್ಟು ಚಪ್ಪಟೆಯಾಗಿ.

ಕೊಟ್ರೇಶಿ ಗುಂಡಿ ಬಿಟ್ಟು, ತಲೆಯೆತ್ತಿ,
ನನ್ನನ್ನೇ ನೋಡಿದ.