ಒಂದೇ ಗೆರೆ

ಮುಂಡರಗಿಯ ನಮ್ಮ ದವಾಖಾನೆಯ ಹಳೇ ರಿಜಿಸ್ಟರಿನಲ್ಲಿ
ಇಡೀ ತಾಲೂಕಿಗೆ ಒಂದೇ ಬಿಪಿ:
ನೂರಾ ಇಪ್ಪತ್ತು, ಎಂಬತ್ತು.
ಹಮಾಲಿ ಮಾಡುವವನಿಗೂ, ಹತ್ತು ದಿನದ ಬಾಣಂತಿಗೂ,
ಮಾರನೇ ವಾರ ಲಕ್ವಾ ಹೊಡೆದು ಬಾಯಿ ಸೊಟ್ಟಾದ
ಕಂಡಕ್ಟರ್ ಬುಡ್ಡೇಸಾಬನಿಗೂ ಅದೇ.
ಬರೆದವಳು ನಾನೇ.
ಪಟ್ಟಿ ಸುತ್ತಲು ಪುರುಸೊತ್ತಿರಲಿಲ್ಲ,
ಕೇಳುವವರೂ ಇರಲಿಲ್ಲ.

ಅದಕ್ಕೂ ಮೊದಲೊಮ್ಮೆ ಯಾರೋ ಬಂದಿದ್ದರು,
ಥರ್ಮೋಕೋಲ್ ಡಬ್ಬಿ ತುಂಬ ನಮ್ಮ ಜನರ ರಕ್ತ ಒಯ್ದರು.
ಬರ್ಫ ಕರಗುವ ಮೊದಲೇ ಜೀಪು ಗದಗ ದಾಟಿತ್ತು.
ಏನು ಸಿಕ್ಕಿತು ಅಂತ ಒಂದು ಕಾಗದ ಬರಲಿಲ್ಲ.
ಡಬ್ಬಿಯ ಮುಚ್ಚಳವೊಂದು ಉಳಿದಿತ್ತು;
ಆಯಾ ಫಕ್ಕೀರವ್ವ ಅದರ ಮೇಲೆ ಹಪ್ಪಳ ಒಣಗಿಸಿದಳು.

ಈ ಸಲ ಬಂದವರು ಒಯ್ಯಲಿಲ್ಲ, ಕೂತರು.
ಸ್ಟೋರ್ ರೂಮಿನ ಮುರಿದ ಮಂಚ ಹೊರಗೆ, ಫ್ರೀಜರು ಒಳಗೆ.
ದಿನಕ್ಕೆ ಎರಡು ಸಲ ಅದರ ಚಳಿ ಬರೆಯಬೇಕು,
ನಮಗೆ ಜ್ವರ ಬಂದಿದ್ದರೂ.
ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿರುವಾಗಲೇ
ಇಲ್ಲಿ ಕರೆಂಟು ಹೋಗುತ್ತದೆ;
ಕತ್ತಲಲ್ಲಿ ಜನರೇಟರಿನ ಹಗ್ಗ ಎಳೆಯುವುದಕ್ಕೂ
ಸಂಶೋಧನೆ ಅನ್ನುತ್ತಾರೆಂದು ಆಗ ತಿಳಿಯಿತು.

ತರಬೇತಿಯಲ್ಲಿ ಮೊದಲ ಪಾಠ ಔಷಧದ್ದಲ್ಲ, ಪೆನ್ನಿನದು.
ವೈಟ್ನರ್ ಹಚ್ಚಬೇಡಿ. ಗೀಚಬೇಡಿ. ಹಾಳೆ ಹರಿಯಬೇಡಿ.
ತಪ್ಪಿದರೆ ಮೇಲೊಂದು ಗೆರೆ, ಒಂದೇ ಗೆರೆ,
ಕೆಳಗಿನದು ಓದಲು ಬರಬೇಕು.
ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ತಪ್ಪಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದು ಕಂಡಿರಲಿಲ್ಲ.

ಕೊರ್ಲಹಳ್ಳಿಯಿಂದ ಬಂದಳು ಸಾವಂತ್ರೆವ್ವ, ಕೌದಿ ಹೊಲಿಯುವವಳು.
ಪಟ್ಟಿ ಸುತ್ತಿದೆ, ಗಾಳಿ ಬಿಟ್ಟೆ, ಕಿವಿಗೊಟ್ಟೆ:
ನೂರಾ ಎಪ್ಪತ್ತೆರಡು, ನೂರಾ ನಾಲ್ಕು.
ಹನ್ನೊಂದು ಪುಟದ ಒಪ್ಪಿಗೆ ಪತ್ರವನ್ನು
ನಮ್ಮ ಮಾತಿಗೆ ಇಳಿಸಿ ಓದಿದೆ.
ಕೆಲವರಿಗೆ ಹೊಸ ಗುಳಿಗಿ, ಕೆಲವರಿಗೆ ಹಳೇದು.
ಯಾರಿಗೆ ಯಾವುದಂತ ಡಾಕ್ಟರಿಗೂ ಗೊತ್ತಿರಂಗಿಲ್ಲ,
ನನಗೂ ಗೊತ್ತಿರಂಗಿಲ್ಲವ್ವ.

"ನಿಮಗಽ ಗೊತ್ತಿಲ್ಲಂದ್ರ ನಮಗ್ಯಾಕ ನುಂಗಸ್ತೀರಿ?"

"ಗೊತ್ತಿಲ್ಲ ಅಂತನಽ."
ಬಿಳಿ ಕೋಟು ತೊಟ್ಟು ಆ ಮಾತು ಆಡಿದ್ದು ಅವತ್ತೇ ಮೊದಲು.
ನಾಲಿಗೆ ಹಗುರಾಯಿತು.

ಮೂವತ್ತೊಂಬತ್ತು ಜನ ಸೇರಿದ್ದರು,
ಇವಳು ಬಂದರೆ ತಿಂಗಳ ಗುರಿ ಮುಟ್ಟುತ್ತದೆ.
ಇಂಕಿನ ಪ್ಯಾಡು ತೆರೆದಿಟ್ಟು ಕಾದೆ.
ಅವಳು ಹಾಳೆಯನ್ನು ಮುಟ್ಟಿ ಮುಟ್ಟಿ ನೋಡಿದಳು,
ಅರಿವೆಯ ಹದ ನೋಡುವವಳ ಹಾಗೆ.
"ಹೊಲಿಗಿ ಛಲೋ ಐತಿ" ಅಂದಳು.
"ಆದರ ನಾ ಒಲ್ಲೆ."

ರೇಷನ್ನಿಗೆ, ಪಿಂಚಣಿಗೆ,
ಗಂಡನ ಹೆಣ ಬಿಡಿಸಿಕೊಳ್ಳಲಿಕ್ಕೆ,
ಕೇಳಿದಲ್ಲೆಲ್ಲ ಒತ್ತಿದ ಹೆಬ್ಬೆಟ್ಟು
ಅವತ್ತು ಸೆರಗಿನೊಳಗೇ ಉಳಿಯಿತು.
ಒಲ್ಲೆ ಅಂದರೂ ಗುಳಿಗಿ ಸಿಗತಾವಲ್ಲ?
ಸಿಗತಾವು.
ಹಂಗಂದ್ರ ಚಾ ಕುಡದಽ ಹೋಗ್ತೀನಿ.

ಕಪ್ಪು ತೊಳೆದಿಟ್ಟು ಬಂದು ನೋಡಿದರೆ
ನಲವತ್ತನೇ ಸಾಲಿನಲ್ಲಿ,
ಅವಳಿನ್ನೂ ಹಾಳೆ ಸವರುತ್ತಿದ್ದಾಗಲೇ,
ನನ್ನ ಅಕ್ಷರದಲ್ಲಿ: ಒಪ್ಪಿದ್ದಾರೆ.

ಹರಿಯಲಿಲ್ಲ. ಗೀಚಲಿಲ್ಲ.
ಒಂದೇ ಗೆರೆ ಎಳೆದೆ.
ಪಕ್ಕದಲ್ಲಿ ಬರೆದೆ: ಒಲ್ಲೆ ಅಂದರು.
ಸಹಿ. ತಾರೀಖು.
ಕೆಳಗೆ ನನ್ನ ಅವಸರವನ್ನು
ಯಾರು ಬೇಕಾದರೂ ಓದಬಹುದು.