ಹತ್ತು ತೆತ್ರಿ

ನಮ್ಮ ಕಟ್ಟಡದ ಲಿಫ್ಟಿಗೆ ಹಸಿವು ಜಾಸ್ತಿ.
ಹತ್ತು ತೆತ್ರಿಯ ಬಿಲ್ಲೆ ಬಾಯಿಗೆ ಹಾಕದೆ
ಒಂದಂತಸ್ತೂ ಏರುವುದಿಲ್ಲ.
ಇಳಿಯುವುದು ಮಾತ್ರ ಪುಕ್ಕಟೆ.
ಟಿಬಿಲಿಸಿಯಲ್ಲಿ ಕೆಳಗೆ ಹೋಗುವವರ ಹತ್ತಿರ
ಯಾರೂ ದುಡ್ಡು ಕೇಳುವುದಿಲ್ಲ ಎನ್ನುತ್ತಾನೆ
ಏಳನೆಯ ಮಹಡಿಯ ಬದ್ರಿ,
ಮೂವತ್ತು ವರ್ಷ ಟ್ರಾಲಿಬಸ್ಸು ಓಡಿಸಿ
ಈಗ ಮೊಣಕಾಲಿನ ಮಾತು ಕೇಳಿ ನಡೆಯುವವನು.

ನಾನು ಎಂಟನೆಯ ಮಹಡಿಯವಳು,
ಔಷಧಿ ಅಂಗಡಿಯ ರಾತ್ರಿಪಾಳಿಯವಳು.
ಬೆಳಗ್ಗೆ ನಾನು ಮನೆ ಸೇರುವ ಹೊತ್ತೂ
ಅವನು ರೊಟ್ಟಿ ಕೊಂಡು ಮರಳುವ ಹೊತ್ತೂ ಒಂದೇ.
ಕಂಕುಳಲ್ಲಿ ಉದ್ದನೆಯ ಶೋತಿ, ದೋಣಿಯ ಹಾಗೆ,
ಇನ್ನೂ ಹಬೆಯಾಡುತ್ತ.
ನಾನು ಮುನ್ನುಗ್ಗಿ ಬಿಲ್ಲೆ ಹಾಕುತ್ತಿದ್ದೆ.
ಠಣ್.
"ಬಿಡಿ ಬದ್ರಿ, ಹತ್ತು ತೆತ್ರಿ ಏನು ಮಹಾ."
ಎರಡು ಚಳಿಗಾಲ ಹೀಗೇ.
ಏಳರಲ್ಲಿ ಅವನು ರೊಟ್ಟಿಯ ತುದಿ ಮುರಿದು ಚಾಚುವುದು,
ನಾನು ಬೇಡ ಬೇಡ ಎಂದು ಬಾಗಿಲ ಗುಂಡಿ ಒತ್ತುವುದು.
ಸುಳ್ಳೇಕೆ, ಆ ಠಣ್ ನನಗೆ ಇಷ್ಟವಿತ್ತು.
ನಿದ್ದೆಗೆಟ್ಟ ಕಣ್ಣಿಗೆ ಅದೊಂದು ಜೋಗುಳ:
ಒಳ್ಳೆಯವಳು ನೀನು, ಹೋಗಿ ಮಲಗು.

ಫೆಬ್ರವರಿಯಲ್ಲಿ ಒಂದು ದಿನ ಕರೆಂಟು ಹೋಯಿತು,
ಮೂರಕ್ಕೂ ನಾಲ್ಕಕ್ಕೂ ನಡುವೆ.
ಮೊಬೈಲಿನ ದೀಪ ಹಚ್ಚಿದೆ.
ಮುದುಕನ ಕಣ್ಣಿಗೆ ಹೊಡೆಯದಿರಲೆಂದು
ಕೆಳಕ್ಕೆ ಹಿಡಿದೆ. ಅಷ್ಟೇ ನಾನು ಮಾಡಿದ್ದು.
ಬೆಳಕು ಅವನ ಮುಷ್ಟಿಯ ಮೇಲೆ ಬಿತ್ತು.
ಅದು ತೆರೆಯಿತು, ಮುಚ್ಚಿತು, ತೆರೆಯಿತು.
ಒಳಗೊಂದು ಬಿಲ್ಲೆ,
ಅಂಗೈಯಲ್ಲಿ ಅಚ್ಚೊತ್ತುವಷ್ಟು ಬಿಗಿಯಾಗಿ ಹಿಡಿದದ್ದು.

ರೊಟ್ಟಿಯಂಗಡಿಯಿಂದಲೇ ಹಿಡಿದು ಬಂದಿದ್ದನೆ?
ಚಿಲ್ಲರೆ ಎಣಿಸುವಾಗಲೇ ಬೇರೆ ತೆಗೆದಿಟ್ಟು
ಇವತ್ತು ನಾನೇ, ಇವತ್ತು ನಾನೇ ಎಂದುಕೊಂಡು
ಹಿಮದ ಮೇಲೆ ಜಾರದಂತೆ ಕಾಲೂರುತ್ತ,
ಎಷ್ಟು ಬೆಳಗು?
ಲೆಕ್ಕ ಹಾಕಲು ಹೋಗಿ ಬಿಟ್ಟೆ.
ಮಾತ್ರೆಗಳನ್ನು ಒಂದೂ ತಪ್ಪದೆ ಎಣಿಸುವವಳು
ಪಕ್ಕದಲ್ಲಿದ್ದ ಕೈಯೊಂದನ್ನು
ಎರಡು ವರ್ಷ ನೋಡಿರಲಿಲ್ಲ.
ಕೊಡುವವಳೆಂದುಕೊಂಡು ದಿನವೂ
ಒಬ್ಬನ ಕೊಡುವ ಕೈಯನ್ನೇ ಕಸಿಯುತ್ತಿದ್ದೆ.

ಕರೆಂಟು ಬಂತು. ಇಬ್ಬರೂ ಏನೂ ಆಡಲಿಲ್ಲ.
ಏಳರಲ್ಲಿ ರೊಟ್ಟಿಯ ತುದಿ ಬಂತು.
ತಗೊಂಡೆ. ಅಲ್ಲೇ ನಿಂತು ತಿಂದೆ.
ಉಪ್ಪು ಸ್ವಲ್ಪ ಹೆಚ್ಚಾಗಿತ್ತು, ಅದನ್ನೂ ಹೇಳಿದೆ.
"ಯಾವಾಗಲೂ ಹೆಚ್ಚೇ," ಎಂದ,
ಇಷ್ಟು ದಿನ ಯಾರಿಗೆ ದೂರುವುದೆಂದು ಕಾದಿದ್ದವನಂತೆ.

ಮರುದಿನ ಚೀಲದಲ್ಲಿ ಕೈಯಾಡಿಸುತ್ತ ನಿಂತೆ.
ಬೀಗದಕೈ, ತಲೆನೋವಿನ ಮುಲಾಮು, ಒಂಟಿ ಕೈಗವಸು.
ಬೆರಳಿಗೆ ಬಿಲ್ಲೆ ಸಿಕ್ಕಿತು,
ಸಿಗದವಳಂತೆ ಹುಡುಕಿದೆ.
ಎಷ್ಟು ಕಷ್ಟ, ಸುಮ್ಮನೆ ತಡಮಾಡುವುದು!
ಅವನು ಗವಸು ಬಿಚ್ಚಿದ,
ರೊಟ್ಟಿಯನ್ನು ಇನ್ನೊಂದು ಕಂಕುಳಿಗೆ ದಾಟಿಸಿದ,
ಪೆಟ್ಟಿಗೆಯ ಸೀಳು ಸಿಗದೆ ಒಮ್ಮೆ ತಡವಿದ,
ನನ್ನ ಕೈ ಮುಂದೆ ಹೋಗಲು ನೋಡಿತು,
ಜೇಬಿನೊಳಗೇ ಅದರ ಕಿವಿ ಹಿಂಡಿದೆ.
ಠಣ್.
"ಎಂಟನೆಯದೋ?" ಕೇಳಿದ,
ಇಪ್ಪತ್ತು ವರ್ಷದಿಂದ ಗೊತ್ತಿದ್ದವನು.
ಆಮೇಲೆ ಹಳೆಯ ಬಸ್ಸಿನ ದನಿಯಲ್ಲಿ,
"ಭದ್ರವಾಗಿ ಹಿಡಿದುಕೊಳ್ಳಿ. ಹೊರಟಿತು."

ಕಲಿತುಬಿಟ್ಟೆ ಎಂದುಕೊಳ್ಳಬೇಡಿ.
ನಿನ್ನೆ ಮೊಬೈಲಿನಲ್ಲಿ ಮುಖವಿಟ್ಟು ನಿಂತಿದ್ದೆ,
ಐದನೆಯ ಮಹಡಿಯ ತಾಮ್ತಾ
ಹಿಟ್ಟಿನ ಚೀಲ ಹೊತ್ತು ಓಡಿಬರುವಷ್ಟರಲ್ಲಿ
ಬಾಗಿಲು ಮುಚ್ಚಿಕೊಂಡಿತು.
ನಾನು ಮುಚ್ಚಿದ್ದಲ್ಲ.
ನಾನು ತಡೆದದ್ದೂ ಅಲ್ಲ.
ಗೋಡೆಯಾಚೆ ಮೆಟ್ಟಿಲುಗಳ ಮೇಲೆ
ಒಂದು ಉಸಿರು ಏರುತ್ತಿತ್ತು, ನಿಲ್ಲುತ್ತಿತ್ತು,
ಮತ್ತೆ ಏರುತ್ತಿತ್ತು.

ಎಂಟು ಬಂತು. ಬಾಗಿಲು ತೆರೆಯಿತು.
ಎದುರಿಗೇ ನನ್ನ ಮನೆ, ನನ್ನ ನಿದ್ದೆ.
ಇಳಿಯುವುದು ಪುಕ್ಕಟೆ.
ಒತ್ತಿದೆ.